ಮೈನಸ್ 20 ಬ್ರೈನ್ ಚಿಲ್ಲರ್: 15 ಟಿಆರ್ ಸಾಕಾ, 20 ಟಿಆರ್ ಬೇಕಾ?

ಪೈಲಟ್_ಪ್ಲಾಂಟ್ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಪ್ರೊಡಕ್ಷನ್ ಕಡೆಯವನು, ರೆಫ್ರಿಜರೇಶನ್ ನನ್ನ ವಿಷಯ ಅಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮಲ್ಲಿ 2000 ಲೀಟರಿನ ಒಂದು ಗ್ಲಾಸ್‌ಲೈನ್ಡ್ ರಿಯಾಕ್ಟರ್ (ರಾಸಾಯನಿಕ ಕ್ರಿಯೆ ನಡೆಸುವ, ಒಳಗೆ ಗಾಜಿನ ಪದರ ಇರುವ ಸ್ಟೀಲ್ ಪಾತ್ರೆ) ಇದೆ. ಇಷ್ಟು ದಿನ 7 ಡಿಗ್ರಿಯ ಚಿಲ್ಡ್ ವಾಟರಿನಲ್ಲೇ ಕೆಲಸ ನಡೆಯುತ್ತಿತ್ತು. ಈಗ ಬರುತ್ತಿರುವ ಹೊಸ ಪ್ರಾಡಕ್ಟಿಗೆ ರಿಯಾಕ್ಷನ್ ಮಾಸ್ (ಪಾತ್ರೆಯೊಳಗಿನ ಮಿಶ್ರಣ) ಮೈನಸ್ 15 ಡಿಗ್ರಿಯಲ್ಲಿ ನಿಲ್ಲಬೇಕು. ಆ ತಾಪಮಾನದಲ್ಲಿ ಒಂದು ರೀಏಜೆಂಟನ್ನು 3 ಗಂಟೆ ಕಾಲ ನಿಧಾನಕ್ಕೆ ಸೇರಿಸಬೇಕು. ಮಾಸ್ ಮೈನಸ್ 10ಕ್ಕಿಂತ ಬಿಸಿಯಾದರೆ ಬೇಡದ ಇಂಪ್ಯೂರಿಟಿ ಹುಟ್ಟುತ್ತದೆ, ಬ್ಯಾಚ್ ಕೆಡುತ್ತದೆ.

ಇದಕ್ಕೆ ಬ್ರೈನ್ ಚಿಲ್ಲರ್ ಬೇಕು, ಅಂದರೆ ಸೊನ್ನೆಗಿಂತ ಕೆಳಗೂ ಹೆಪ್ಪುಗಟ್ಟದ ದ್ರವವನ್ನು (ಬ್ರೈನ್) ತಣ್ಣಗೆ ಮಾಡಿಕೊಡುವ ಯಂತ್ರ. ಮೂರು ಕೊಟೇಶನ್ ಬಂದಿವೆ, ಮೂರರಲ್ಲೂ ಕಂಪ್ರೆಸರಿನ ಬಗೆ ಬೇರೆ. ಮೊದಲನೆಯದು ಏರ್ ಕೂಲ್ಡ್ ಸ್ಕ್ರಾಲ್, 20 ಟಿಆರ್ (ಟನ್ ಆಫ್ ರೆಫ್ರಿಜರೇಶನ್, ತಣಿಸುವ ಶಕ್ತಿಯ ಅಳತೆ). ಎರಡನೆಯದು ವಾಟರ್ ಕೂಲ್ಡ್ ಸೆಮಿ ಹರ್ಮೆಟಿಕ್, ಎರಡು ಕಂಪ್ರೆಸರ್, 15 ಟಿಆರ್. ಮೂರನೆಯದು ಸ್ಕ್ರೂ, ಇಕನಾಮೈಸರ್ ಇರುವುದು, ಅದೂ 15 ಟಿಆರ್. ಮೂರರ ಮೇಲೂ "ಮೈನಸ್ 20ಕ್ಕೆ ಸೂಕ್ತ" ಎಂದು ಬರೆದಿದ್ದಾರೆ. 20 ಟಿಆರ್‌ನದೇ ಎಲ್ಲಕ್ಕಿಂತ ಅಗ್ಗ. ದೊಡ್ಡದೂ ಹೌದು, ಅಗ್ಗವೂ ಹೌದು ಅಂದರೆ ಅದನ್ನೇ ತಗೊಂಡರೆ ಆಗಲ್ವಾ? ಅಥವಾ ಏನಾದರೂ ಬಿಟ್ಟುಹೋಗಿದೆಯಾ?

ಡ್ರಮ್_ಯಾರ್ಡ್ ಬರೆದದ್ದು

ಯಾವಾಗಲೂ ಒಂದು ಸೈಜ್ ಜಾಸ್ತಿ ತಗೊಳ್ಳಿ. ಕಡಿಮೆ ಬಿದ್ದರೆ ಪ್ರೊಡಕ್ಷನ್ ನಿಲ್ಲುತ್ತದೆ, ಜಾಸ್ತಿ ಇದ್ದರೆ ಏನೂ ಆಗಲ್ಲ. ನನ್ನ ಓಟು 20 ಟಿಆರ್‌ಗೆ.

ಯುಟಿಲಿಟಿ_ಪಾಳಿ ಬರೆದದ್ದು

ದಯವಿಟ್ಟು ಇನ್ನೂ ಆರ್ಡರ್ ಕೊಡಬೇಡಿ. ನಾನು ಯುಟಿಲಿಟಿ ಮೆಂಟೆನೆನ್ಸ್‌ನಲ್ಲೇ ಬಹಳ ವರ್ಷ ಕಳೆದವಳು. ಬ್ರೈನ್ ಲೈನು, ಗ್ಲೈಕಾಲ್ ಟ್ಯಾಂಕು, ರಾತ್ರಿ ಪಾಳಿಯ ಲೋ ಪ್ರೆಶರ್ ಟ್ರಿಪ್ಪು, ಇವೇ ನನ್ನ ಕೆಲಸ. ನಿಮ್ಮ ಪ್ರಶ್ನೆ ಟಿಆರ್‌ನಿಂದ ಶುರುವಾಗಿದೆ. ಅದು ರಿಯಾಕ್ಟರಿನ ಜಾಕೆಟ್‌ನಿಂದ, ಅಂದರೆ ಪಾತ್ರೆಯ ಸುತ್ತ ತಣ್ಣನೆಯ ದ್ರವ ಹರಿಯುವ ಹೊರಗವಚದಿಂದ, ಶುರುವಾಗಬೇಕು.

ಮೊದಲು ಟಿಆರ್ ಬಗ್ಗೆ ಹೇಳಿ ಮುಗಿಸುತ್ತೇನೆ. ಒಂದು ಟಿಆರ್ ಅಂದರೆ 3.517 ಕಿಲೋವ್ಯಾಟ್ ಶಾಖ ತೆಗೆಯುವ ಶಕ್ತಿ, ಸರಿ. ಆದರೆ ಯಾವ ತಾಪಮಾನದಲ್ಲಿ ತೆಗೆಯುವುದು ಎಂದು ಹೇಳದೆ ಈ ಸಂಖ್ಯೆಗೆ ಅರ್ಥವೇ ಇಲ್ಲ. ಕಂಪ್ರೆಸರ್ ಒಂದು ಸುತ್ತಿಗೆ ಎಳೆದುಕೊಳ್ಳುವುದು ಇಷ್ಟು ಘನ ಅಳತೆಯ ಗ್ಯಾಸ್ ಅಂತ. ಆ ಗ್ಯಾಸ್ ಎಷ್ಟು ದಟ್ಟ ಎಂಬುದು ಇವಾಪರೇಟರಿನ (ರೆಫ್ರಿಜರೆಂಟ್ ಕುದಿದು ಬ್ರೈನಿನ ಶಾಖ ಎಳೆದುಕೊಳ್ಳುವ ಭಾಗ) ಒತ್ತಡದ ಮೇಲೆ ನಿಂತಿದೆ. ಆರ್-404ಎ ಎಂಬ ರೆಫ್ರಿಜರೆಂಟ್ ತಗೊಂಡರೆ, 0 ಡಿಗ್ರಿಯಲ್ಲಿ ಕುದಿಯುವಾಗ ಅದರ ಒತ್ತಡ ಸುಮಾರು 6 ಬಾರ್. ಮೈನಸ್ 30ರಲ್ಲಿ ಸುಮಾರು 2 ಬಾರ್. ಎರಡೂ ಅಬ್ಸಲ್ಯೂಟ್ ಲೆಕ್ಕ. ಅದೇ ಸಿಲಿಂಡರ್, ಅದೇ ವೇಗ, ಒಳಗೆ ಬರುವ ಗ್ಯಾಸ್ ಮಾತ್ರ ಮೂರನೇ ಒಂದು ಭಾಗ. ಹಾಗಾಗಿ 7 ಡಿಗ್ರಿ ನೀರಿಗೆ 20 ಟಿಆರ್ ಕೊಡುವ ಯಂತ್ರ, ಮೈನಸ್ 25ರ ಬ್ರೈನ್‌ಗೆ ಬಂದಾಗ 6 ಟಿಆರ್ ಆಸುಪಾಸಿಗೆ ಇಳಿದರೆ ಆಶ್ಚರ್ಯವಿಲ್ಲ. ನಿಮ್ಮ ಅಗ್ಗದ 20 ಟಿಆರ್ ಯಾವ ತಾಪಮಾನದ್ದು? ಕೊಟೇಶನ್‌ನಲ್ಲಿ ಹುಡುಕಿ. ಬರೆದಿಲ್ಲದಿದ್ದರೆ ಅದು 7 ಡಿಗ್ರಿಯದ್ದು ಎಂದೇ ಇಟ್ಟುಕೊಳ್ಳಿ.

ಇನ್ನು ಜಾಕೆಟ್. ಚಿಲ್ಲರ್ ತಣ್ಣಗೆ ಮಾಡುವುದು ಬ್ರೈನನ್ನು. ಮಾಸ್‌ನಿಂದ ಶಾಖ ಹೊರಬರಬೇಕಾದ್ದು ಗ್ಲಾಸ್ ಮತ್ತು ಸ್ಟೀಲ್ ಗೋಡೆಯನ್ನು ದಾಟಿಕೊಂಡು. ಗೋದಾಮಿನ ಬಾಗಿಲು ಚಿಕ್ಕದಿದ್ದರೆ ಹೊರಗೆ ಎಷ್ಟು ದೊಡ್ಡ ಲಾರಿ ನಿಂತರೂ ಮೂಟೆ ಒಂದೊಂದೇ ಬರುವುದು. ಗೋಡೆ ದಾಟುವ ಶಾಖ ಮೂರರ ಗುಣಾಕಾರ: ಜಾಕೆಟಿನ ವಿಸ್ತೀರ್ಣ, ಯು ವ್ಯಾಲ್ಯೂ (ಒಂದು ಚದರ ಮೀಟರಿನಲ್ಲಿ ಒಂದು ಡಿಗ್ರಿ ಅಂತರಕ್ಕೆ ದಾಟುವ ಶಾಖ), ಮತ್ತು ಮಾಸ್‌ಗೂ ಬ್ರೈನ್‌ಗೂ ಇರುವ ತಾಪಮಾನದ ಅಂತರ. ಮೊದಲ ಎರಡನ್ನು ನೀವು ಸುಲಭಕ್ಕೆ ಬದಲಾಯಿಸಲಾರಿರಿ. ಉಳಿದದ್ದು ಅಂತರ. ಬ್ರೈನ್ ಎಷ್ಟು ತಣ್ಣಗಿರಬೇಕು ಎನ್ನುವುದು ಅಲ್ಲಿ ತೀರ್ಮಾನವಾಗುತ್ತದೆ. ಯಾವ ದ್ರವ, ಎಷ್ಟು ಸ್ಟೇಜಿನ ಕಂಪ್ರೆಸರ್, ಎಷ್ಟು ಕರೆಂಟ್, ಎಲ್ಲವೂ ಆ ಒಂದು ಸಂಖ್ಯೆಯ ಹಿಂದೆ ಸಾಲಾಗಿ ಬರುತ್ತವೆ.

ಆದ್ದರಿಂದ ಇವನ್ನು ತಿಳಿಸಿ. ಜಾಕೆಟಿನ ವಿಸ್ತೀರ್ಣ ಎಷ್ಟು? ರಿಯಾಕ್ಟರ್ ನೇಮ್‌ಪ್ಲೇಟಿನಲ್ಲಿ ಕನಿಷ್ಠ ತಾಪಮಾನ ಎಷ್ಟು ಅಂತ ಬರೆದಿದೆ? ಒಂದು ಬ್ಯಾಚಿಗೆ ರಿಯಾಕ್ಷನ್ ಶಾಖ ಒಟ್ಟು ಎಷ್ಟು? 3 ಗಂಟೆಯ ಅಡಿಷನ್ (ರೀಏಜೆಂಟ್ ಸೇರಿಸುವುದು) ಅನ್ನು ಉದ್ದ ಮಾಡಲು ಸಾಧ್ಯವಾ? ಅದೇ ಜಾಕೆಟಿನಲ್ಲಿ ಬೇರೆ ಏನೇನು ಹರಿಯುತ್ತದೆ? ಹಳೆಯ ಬ್ಯಾಚ್‌ಗಳ ಲಾಗ್‌ಶೀಟ್ ಇದ್ದರೆ ಯು ವ್ಯಾಲ್ಯೂ ನಾವೇ ತೆಗೆಯಬಹುದು. ಮಾಸ್ ಎಷ್ಟು ನಿಮಿಷಕ್ಕೆ ಎಷ್ಟು ಡಿಗ್ರಿ ಇಳಿಯಿತು, ಆಗ ಜಾಕೆಟ್ ನೀರು ಎಷ್ಟಿತ್ತು, ಅಷ್ಟು ಸಾಕು. ಪುಸ್ತಕದಿಂದ ತೆಗೆದ ಸಂಖ್ಯೆಗಿಂತ ನಿಮ್ಮ ಪಾತ್ರೆ ಹೇಳುವ ಸಂಖ್ಯೆ ಮೇಲು.

ಪೈಲಟ್_ಪ್ಲಾಂಟ್ ಬರೆದದ್ದು

ಬಹಳ ಉಪಕಾರವಾಯಿತು. ಮಾಹಿತಿ ಹೀಗಿದೆ. ಜಾಕೆಟ್ ವಿಸ್ತೀರ್ಣ ಡ್ರಾಯಿಂಗ್ ಪ್ರಕಾರ 7 ಚದರ ಮೀಟರ್. ನೇಮ್‌ಪ್ಲೇಟಿನಲ್ಲಿ ಕನಿಷ್ಠ ಮೈನಸ್ 29 ಡಿಗ್ರಿ. ಒಂದು ಬ್ಯಾಚಿಗೆ 2000 ಕಿಲೋ ಮಾಸ್, ಹೆಚ್ಚಿನ ಪಾಲು ಸಾವಯವ ದ್ರಾವಕ. ರಿಯಾಕ್ಷನ್ ಶಾಖ 1,50,000 ಕಿಲೋಜೂಲ್ ಎಂದು ಲ್ಯಾಬಿನವರು ಕೊಟ್ಟಿದ್ದಾರೆ. ಖಾಲಿ ರಿಯಾಕ್ಟರಿನ ತೂಕ 3 ಟನ್. ಲಾಗ್‌ಶೀಟಿನಿಂದ ತೆಗೆದ ಯು ವ್ಯಾಲ್ಯೂ ಸುಮಾರು 200 ವ್ಯಾಟ್ ಬಂತು, ಅದು 7 ಡಿಗ್ರಿ ನೀರಿನಲ್ಲಿ. ಇದೇ ಜಾಕೆಟಿಗೆ ಸ್ಟೀಮ್ ಮತ್ತು ಕೂಲಿಂಗ್ ಟವರ್ ನೀರೂ ಬರುತ್ತದೆ, ವಾಲ್ವ್ ಬದಲಿಸಿ ಬದಲಿಸಿ ಬಳಸುತ್ತೇವೆ. ಅಡಿಷನ್ ಸಮಯದ ಬಗ್ಗೆ ಕೆಮಿಸ್ಟ್ ಹತ್ತಿರ ಕೇಳಬೇಕು.

ಯುಟಿಲಿಟಿ_ಪಾಳಿ ಬರೆದದ್ದು

ಇಷ್ಟು ಇದ್ದರೆ ಲೆಕ್ಕ ಕೂರುತ್ತದೆ. ನಿಧಾನಕ್ಕೆ ಹೋಗೋಣ.

ನೀರಿನಲ್ಲಿ 200 ಬಂದಿದೆ ಅಂದರೆ ತಣ್ಣನೆಯ ಗ್ಲೈಕಾಲಿನಲ್ಲಿ (ನೀರಿಗೆ ಗ್ಲೈಕಾಲ್ ಬೆರೆಸಿದ್ದೇ ಇಲ್ಲಿ ನಮ್ಮ ಬ್ರೈನ್) 150 ಎಂದು ಹಿಡಿಯುತ್ತೇನೆ. ಶೇಕಡ 50ರ ಎಥಿಲೀನ್ ಗ್ಲೈಕಾಲ್ ಮೈನಸ್ 20ರಲ್ಲಿ, ಕೋಣೆಯ ತಾಪಮಾನದ ನೀರಿಗಿಂತ ಸುಮಾರು 20 ಪಟ್ಟು ಗಟ್ಟಿ, ಅಂದರೆ ಅಷ್ಟು ಮಂದವಾಗಿ ಹರಿಯುತ್ತದೆ. ಜಾಕೆಟಿನಲ್ಲಿ ಅದು ಸುಳಿಯುವುದಿಲ್ಲ, ಮೆಲ್ಲಗೆ ಜಾರುತ್ತದೆ. ಒಳಗಿನ ಮಾಸ್ ಕೂಡ ತಣ್ಣಗಾದಂತೆ ಗಟ್ಟಿಯಾಗುತ್ತದೆ. ಹಾಗಾಗಿ 7 ಚದರ ಮೀಟರಿಗೆ, ಪ್ರತಿ ಡಿಗ್ರಿ ಅಂತರಕ್ಕೆ, ಸುಮಾರು 1 ಕಿಲೋವ್ಯಾಟ್ ದಾಟುತ್ತದೆ. ಸರಿಯಾಗಿ ಹೇಳಬೇಕೆಂದರೆ 1.05.

3 ಗಂಟೆಯಲ್ಲಿ 1,50,000 ಕಿಲೋಜೂಲ್ ಅಂದರೆ 14 ಕಿಲೋವ್ಯಾಟ್. ಅಜಿಟೇಟರ್ (ಮಾಸ್ ಕಲಕುವ ರೆಕ್ಕೆ) ತಿರುಗುವುದರಿಂದ 2 ಸೇರಿಸಿ. 16 ಕಿಲೋವ್ಯಾಟ್ ಗೋಡೆ ದಾಟಲು 15 ಡಿಗ್ರಿ ಅಂತರ ಬೇಕು. ಮಾಸ್ ಮೈನಸ್ 15ರಲ್ಲಿದ್ದರೆ ಜಾಕೆಟಿನ ಸರಾಸರಿ ಮೈನಸ್ 30. ಬ್ರೈನ್ ಒಳಗೆ ಬರುವುದು ಮೈನಸ್ 31, 32ರಲ್ಲಿ ಇರಬೇಕು.

ಈಗ ನಿಮ್ಮ ನೇಮ್‌ಪ್ಲೇಟ್ ನೋಡಿ. ಮೈನಸ್ 29. ಕಾರ್ಬನ್ ಸ್ಟೀಲಿನ ಗ್ಲಾಸ್‌ಲೈನ್ಡ್ ಪಾತ್ರೆಗಳಲ್ಲಿ ಈ ಸಂಖ್ಯೆ ಬಹಳ ಸಾಮಾನ್ಯ. ಅದಕ್ಕಿಂತ ಕೆಳಗೆ ಸಾಧಾರಣ ಸ್ಟೀಲು ಪೆಡಸಾಗುತ್ತದೆ, ಒತ್ತಡದಲ್ಲಿ ಬಿರುಕು ಬಿಡುವ ಭಯ ಇದೆ. ಅಂದರೆ 3 ಗಂಟೆಯ ಅಡಿಷನ್ ಈ ಪಾತ್ರೆಯಲ್ಲಿ ನಡೆಯುವುದೇ ಇಲ್ಲ. 20 ಟಿಆರ್ ತಂದರೂ ಇಲ್ಲ, 50 ತಂದರೂ ಇಲ್ಲ. ನೀವು ಕೊಟೇಶನ್‌ಗೆ ಕೊಟ್ಟ "ಮೈನಸ್ 20" ಬ್ರೈನ್‌ನಲ್ಲಂತೂ ಗೋಡೆ ದಾಟುವುದು ಬರೀ 5 ಕಿಲೋವ್ಯಾಟ್.

ಅದೇ ಅಡಿಷನ್ 6 ಗಂಟೆ ಮಾಡಿ ನೋಡಿ. ರಿಯಾಕ್ಷನ್ ಶಾಖ 7 ಕಿಲೋವ್ಯಾಟ್, ಅಜಿಟೇಟರ್ 2, ಒಟ್ಟು 9. ಅಂತರ 8.6 ಡಿಗ್ರಿ ಸಾಕು. ಜಾಕೆಟ್ ಸರಾಸರಿ ಮೈನಸ್ 23.6. ಗಂಟೆಗೆ 10 ಘನ ಮೀಟರ್ ಬ್ರೈನ್ ಓಡಿಸಿದರೆ ಒಳಗೆ ಹೋಗುವುದಕ್ಕೂ ಹೊರಗೆ ಬರುವುದಕ್ಕೂ 1 ಡಿಗ್ರಿಯಷ್ಟೇ ವ್ಯತ್ಯಾಸ. ಹಾಗಾಗಿ ಮೈನಸ್ 25ರ ಬ್ರೈನ್ ಸಾಕು. ಪಾತ್ರೆಯೂ ಒಪ್ಪುತ್ತದೆ, ಗ್ಲೈಕಾಲೂ ಒಪ್ಪುತ್ತದೆ, ಸಾಧಾರಣ ಲೋ ಟೆಂಪರೇಚರ್ ಕಂಪ್ರೆಸರೂ ಒಪ್ಪುತ್ತದೆ. ಕೆಮಿಸ್ಟ್ ಕೊಡುವ ಒಂದು ಉತ್ತರದ ಮೇಲೆ ಯಂತ್ರದ ಜಾತಿಯೇ ಬದಲಾಗುತ್ತದೆ. ಅದಕ್ಕೇ ನಾನು ಅಷ್ಟು ಒತ್ತಿ ಕೇಳಿದ್ದು.

ಚಿಲ್ಲರಿನ ಸೈಜ್ ಈಗ ನೋಡೋಣ. ಅಡಿಷನ್ ಹೊತ್ತಿನಲ್ಲಿ 9 ಕಿಲೋವ್ಯಾಟ್. ಬ್ರೈನ್ ಪಂಪಿನ ಕೆಲಸ ಕೊನೆಗೆ ಶಾಖವಾಗಿ ಬ್ರೈನಿಗೇ ಸೇರುತ್ತದೆ, ಅದಕ್ಕೆ 4 ಹಿಡಿಯಿರಿ. ಪೈಪು, ಟ್ಯಾಂಕು, ವಾಲ್ವ್‌ಗಳ ಮೂಲಕ ಬರುವ ಶಾಖಕ್ಕೆ 3. ಒಟ್ಟು 16 ಕಿಲೋವ್ಯಾಟ್, ಅಂದರೆ ಮೈನಸ್ 25ರಲ್ಲಿ ನಿಜವಾದ ನಾಲ್ಕೂವರೆ ಟಿಆರ್.

ಇನ್ನು ಮೊದಲು ತಣ್ಣಗೆ ಮಾಡುವ ಹಂತ. 2000 ಕಿಲೋ ಮಾಸ್, ಕಿಲೋಗೆ ಪ್ರತಿ ಡಿಗ್ರಿಗೆ 2 ಕಿಲೋಜೂಲ್, 25ರಿಂದ ಮೈನಸ್ 15ಕ್ಕೆ 40 ಡಿಗ್ರಿ. ಅದು 1,60,000. ಪಾತ್ರೆಯ ಸ್ಟೀಲಿಗೆ 60,000. ಇದನ್ನು ಎಷ್ಟೋ ಜನ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಒಟ್ಟು 2,20,000 ಕಿಲೋಜೂಲ್. ಮೂರು ಗಂಟೆ ಆಸುಪಾಸಿನಲ್ಲಿ ಇಳಿಸಬೇಕಾದರೆ ಸರಾಸರಿ 20 ಕಿಲೋವ್ಯಾಟ್, ಜೊತೆಗೆ ಅಜಿಟೇಟರ್, ಪಂಪು, ಪೈಪಿನ 9. ಆದರೆ ಶುರುವಿನಲ್ಲಿ ಬ್ರೈನ್ ಬೆಚ್ಚಗಿರುತ್ತದೆ, ಆಗ ಅದೇ ಚಿಲ್ಲರ್ ಜಾಸ್ತಿ ಶಾಖ ಎತ್ತುತ್ತದೆ. ಕೊನೆಕೊನೆಗೆ ಜಾಕೆಟೇ ತಡೆಯುತ್ತದೆ, ಚಿಲ್ಲರ್ ಅಲ್ಲ. ಹಾಗಾಗಿ ಮೈನಸ್ 25ರಲ್ಲಿ 25 ಕಿಲೋವ್ಯಾಟ್, ಅಂದರೆ ಸುಮಾರು 7 ಟಿಆರ್ ಕೊಡುವ ಯಂತ್ರ ಇದ್ದರೆ ಮೂರು, ಮೂರೂವರೆ ಗಂಟೆಯಲ್ಲಿ ಮಾಸ್ ಇಳಿಯುತ್ತದೆ.

ನೀವು ಕೇಳಿದ್ದು 15ಆ 20ಆ ಎಂದು. ನಿಮಗೆ ಬೇಕಾದ್ದು 7, ಆದರೆ ಮೈನಸ್ 25ರಲ್ಲಿ ಅಳೆದ 7.

ಡ್ರಮ್_ಯಾರ್ಡ್ ಅವರಿಗೆ ಒಂದು ಮಾತು. ಲೋ ಟೆಂಪರೇಚರಿನಲ್ಲಿ ದೊಡ್ಡದು ತಗೊಂಡರೆ ಏನೂ ಆಗಲ್ಲ ಅನ್ನುವುದು ನಿಜವಲ್ಲ. ಲೋಡ್ ಕಡಿಮೆ ಇದ್ದಾಗ ಕಂಪ್ರೆಸರ್ ಪದೇಪದೇ ಆನ್ ಆಫ್ ಆಗುತ್ತದೆ. ಸಕ್ಷನ್ ಪೈಪಿನಲ್ಲಿ ಗ್ಯಾಸಿನ ವೇಗ ಸಾಲದೆ ಎಣ್ಣೆ ಇವಾಪರೇಟರಿನಲ್ಲೇ ಕೂತುಬಿಡುತ್ತದೆ. ಮೈನಸ್ 30ರಲ್ಲಿ ಎಣ್ಣೆ ಮೊದಲೇ ದಪ್ಪ. ಅದು ಕ್ರ್ಯಾಂಕ್‌ಕೇಸಿಗೆ ವಾಪಸ್ ಬರದಿದ್ದರೆ ಬೇರಿಂಗ್ ಹೋಗುತ್ತದೆ.

ದ್ರಾವಕ_ಲ್ಯಾಬ್ ಬರೆದದ್ದು

ಕೆಮಿಸ್ಟ್ ಕಡೆಯಿಂದ ಒಂದು ಎಚ್ಚರಿಕೆ ಸೇರಿಸುತ್ತೇನೆ. ಅಡಿಷನ್ ಉದ್ದ ಮಾಡುವುದು ಒಳ್ಳೆಯ ಉಪಾಯವೇ. ಆದರೆ ಹಾಕಿದ ರೀಏಜೆಂಟ್ ಹಾಕಿದಂತೆಯೇ ಖರ್ಚಾಗುತ್ತಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಕಡಿಮೆ ತಾಪಮಾನದಲ್ಲಿ ರಿಯಾಕ್ಷನ್ ನಿಧಾನವಾಗಿದ್ದರೆ ರೀಏಜೆಂಟ್ ಒಳಗೇ ಶೇಖರವಾಗುತ್ತದೆ. ಆಮೇಲೆ ಯಾವಾಗಲೋ ಮಾಸ್ ಸ್ವಲ್ಪ ಬೆಚ್ಚಗಾದಾಗ ಎಲ್ಲವೂ ಒಟ್ಟಿಗೆ ಹೊರಡುತ್ತದೆ. ಆಗ ಯಾವ ಚಿಲ್ಲರೂ ಹಿಡಿಯುವುದಿಲ್ಲ. ರಿಯಾಕ್ಷನ್ ಕ್ಯಾಲೊರಿಮೀಟರಿನಲ್ಲಿ ಅಡಿಷನ್ ನಿಲ್ಲಿಸಿದ ಮೇಲೆ ಶಾಖ ಎಷ್ಟು ಬೇಗ ಬೀಳುತ್ತದೆ ನೋಡಿ. ತಕ್ಷಣ ಬಿದ್ದರೆ ಶೇಖರಣೆ ಇಲ್ಲ.

ಇನ್ನೊಂದು. ಮಾಸ್ ಮೈನಸ್ 12 ದಾಟಿ ಬೆಚ್ಚಗಾದರೆ, ಅಥವಾ ಬ್ರೈನ್ ಪಂಪು ನಿಂತರೆ, ಡೋಸಿಂಗ್ ವಾಲ್ವ್ ತಾನಾಗಿಯೇ ಮುಚ್ಚಬೇಕು. ಆಪರೇಟರ್ ಓಡಿ ಬಂದು ಮುಚ್ಚುವ ವ್ಯವಸ್ಥೆ ಸಾಲದು. 6 ಗಂಟೆಯ ಅಡಿಷನ್‌ನಲ್ಲಿ ಪಾಳಿ ಬದಲಾಗುವ ಹೊತ್ತೂ ಬರುತ್ತದೆ, ಅದನ್ನೂ ಯೋಚಿಸಿ.

ಯುಟಿಲಿಟಿ_ಪಾಳಿ ಬರೆದದ್ದು

ಇದು ಬಹಳ ಮುಖ್ಯವಾದ ಮಾತು. ಇಂಟರ್‌ಲಾಕ್ (ವಾಲ್ವ್ ತಾನಾಗಿಯೇ ಮುಚ್ಚುವ ಆ ವ್ಯವಸ್ಥೆ) ಇಲ್ಲದೆ ಈ ಪ್ರಾಜೆಕ್ಟ್ ಮುಂದೆ ಹೋಗಬಾರದು. ಬ್ರೈನ್ ಪಂಪು ಒಂದರ ಬದಲು ಎರಡು ಇಡಿ. ಎರಡನೆಯದಕ್ಕೆ ಜನರೇಟರ್ ಲೈನ್ ಕೊಡಿ. ಟ್ಯಾಂಕಿನಲ್ಲಿ ತಣ್ಣನೆಯ ಬ್ರೈನ್ ಇದ್ದರೆ, ಕಂಪ್ರೆಸರ್ ನಿಂತರೂ ಪಂಪು ಓಡುತ್ತಿರುವಷ್ಟು ಹೊತ್ತು ನಿಮಗೆ ಸಮಯ ಸಿಗುತ್ತದೆ.

ಈಗ ದ್ರವದ ವಿಷಯಕ್ಕೆ ಬರುತ್ತೇನೆ. ನೀವು ಸ್ಟೀಮ್, ಟವರ್ ನೀರು, ಬ್ರೈನ್ ಎಲ್ಲವನ್ನೂ ಒಂದೇ ಜಾಕೆಟಿಗೆ ಬಿಡುತ್ತೀರಿ ಎಂದು ಓದಿದಾಗಲೇ ನನಗೆ ಆತಂಕವಾಯಿತು. ಲೋ ಟೆಂಪರೇಚರ್ ಚಿಲ್ಲರ್‌ಗಳು ಸಾಯುವುದು ಬಹುತೇಕ ಇಲ್ಲಿಂದಲೇ. ಜಾಕೆಟಿನಲ್ಲಿ ಉಳಿದ ನೀರು ಪ್ರತಿ ಸಲ ಬ್ರೈನ್ ಟ್ಯಾಂಕಿಗೆ ಹೋಗುತ್ತದೆ. ಗ್ಲೈಕಾಲ್ ತೆಳುವಾಗುತ್ತಾ ಹೋಗುತ್ತದೆ. ಅಳತೆ ಪ್ರಮಾಣದಲ್ಲಿ ಶೇಕಡ 50ರ ಎಥಿಲೀನ್ ಗ್ಲೈಕಾಲ್ ಹೆಪ್ಪುಗಟ್ಟಲು ಶುರುವಾಗುವುದು ಮೈನಸ್ 37ರ ಹತ್ತಿರ. ಶೇಕಡ 40ಕ್ಕೆ ಇಳಿದರೆ ಮೈನಸ್ 24. ಮೈನಸ್ 25ರ ಬ್ರೈನ್ ಕೊಡಲು ಇವಾಪರೇಟರಿನೊಳಗೆ ರೆಫ್ರಿಜರೆಂಟ್ ಮೈನಸ್ 31ರಲ್ಲಿ ಕುದಿಯುತ್ತಿರುತ್ತದೆ. ಟ್ಯೂಬಿನ ಗೋಡೆ ಹೆಚ್ಚು ಕಡಿಮೆ ಅಷ್ಟೇ ತಣ್ಣಗಿರುತ್ತದೆ. ಶೇಕಡ 50 ಇದ್ದರೆ ಗೋಡೆಗೂ ಹೆಪ್ಪಿಗೂ 6 ಡಿಗ್ರಿ ಉಸಿರಾಟ ಇದೆ. ಶೇಕಡ 40ಕ್ಕೆ ಇಳಿದ ದಿನ ಗೋಡೆಯ ಮೇಲೆ ಮಂಜು ಕಟ್ಟುತ್ತದೆ, ಹರಿವು ಕಡಿಮೆಯಾಗುತ್ತದೆ, ಇನ್ನಷ್ಟು ಮಂಜು, ಕೊನೆಗೆ ಟ್ಯೂಬ್ ಒಡೆಯುತ್ತದೆ. ನೀರು ಮಿಶ್ರಿತ ಗ್ಲೈಕಾಲ್ ರೆಫ್ರಿಜರೆಂಟ್ ಸರ್ಕ್ಯೂಟಿಗೆ ನುಗ್ಗಿದರೆ ಕಂಪ್ರೆಸರಿನ ಕಥೆ ಅಷ್ಟೇ.

ಪರಿಹಾರ ಏನೆಂದರೆ ಜಾಕೆಟಿಗೆ ಒಂದೇ ದ್ರವ. ಅದು ಸಣ್ಣ ಪಂಪಿನೊಂದಿಗೆ ರಿಯಾಕ್ಟರ್ ಸುತ್ತಲೇ ತಿರುಗಲಿ. ಟವರ್ ನೀರು, ಚಿಲ್ಡ್ ವಾಟರ್, ಸ್ಟೀಮ್ ಇವೆಲ್ಲ ಪ್ಲೇಟ್ ಹೀಟ್ ಎಕ್ಸ್‌ಚೇಂಜರಿನ ಇನ್ನೊಂದು ಬದಿಯಲ್ಲಿ ಇರಲಿ. ಮಾಸ್ ಅನ್ನು 25ರಿಂದ 12, 13ರವರೆಗೆ ಹಳೆಯ ಚಿಲ್ಡ್ ವಾಟರಿನಿಂದಲೇ ಇಳಿಸಬಹುದು. 7 ಡಿಗ್ರಿ ನೀರಿನಿಂದ ತೆಗೆಯುವ ಶಾಖಕ್ಕೆ ಕರೆಂಟು ಬಹಳ ಕಡಿಮೆ. ಎಲ್ಲವನ್ನೂ ಮೈನಸ್ 25ರ ಯಂತ್ರದಿಂದಲೇ ತೆಗೆಯುವುದು ಸುಮ್ನೆ ದಂಡ. ಈ ವ್ಯವಸ್ಥೆ ಈಗ ಆಗುವುದಿಲ್ಲ ಅಂದರೆ, ಜಾಕೆಟನ್ನು ಪೂರ್ತಿ ಖಾಲಿ ಮಾಡಿ ಒಣ ನೈಟ್ರೋಜನ್ ಊದಿ ಆಮೇಲೆ ಬ್ರೈನ್ ಬಿಡಿ. ಪ್ರತಿ ಪಾಳಿಯಲ್ಲೂ ರಿಫ್ರಾಕ್ಟೋಮೀಟರಿನಲ್ಲಿ (ಗ್ಲೈಕಾಲ್ ಎಷ್ಟು ಶೇಕಡ ಇದೆ ಎಂದು ತೋರಿಸುವ ಉಪಕರಣ) ಒಂದು ಹನಿ ನೋಡಿ ಬರೆದಿಡಿ.

ಪ್ರೊಪಿಲೀನ್ ಗ್ಲೈಕಾಲ್ ಬೇಡ. ಅದು ವಿಷವಲ್ಲ ಎಂಬುದು ದೊಡ್ಡ ಗುಣ, ಆಹಾರಕ್ಕೆ ತಾಗುವ ಜಾಗದಲ್ಲಿ ಅದೇ ಸರಿ. ಆದರೆ ಮೈನಸ್ 20ರಲ್ಲಿ ಅದರ ಗಟ್ಟಿತನ ಎಥಿಲೀನ್ ಗ್ಲೈಕಾಲಿನ ಎರಡು ಪಟ್ಟಿಗೂ ಜಾಸ್ತಿ. ಪಂಪು ಒದ್ದಾಡುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಇನ್ನೂ ತಣ್ಣಗೆ ಹೋಗುತ್ತದೆ, ಸುಲಭವಾಗಿ ಹರಿಯುತ್ತದೆ, ಆದರೆ ತುಕ್ಕು. ನಿಮ್ಮ ಜಾಕೆಟ್ ಕಾರ್ಬನ್ ಸ್ಟೀಲಿನದು, ಸ್ಟೇನ್‌ಲೆಸ್ ಇದ್ದರೂ ಕ್ಲೋರೈಡ್ ತಿನ್ನುತ್ತದೆ. ಗ್ಲೈಕಾಲ್ ತಗೊಳ್ಳುವಾಗ ಇಂಡಸ್ಟ್ರಿಯಲ್ ಇನ್‌ಹಿಬಿಟರ್ ಇರುವುದನ್ನೇ ತಗೊಳ್ಳಿ, ವಾಹನಗಳ ಕೂಲೆಂಟ್ ತಂದು ಸುರಿಯಬೇಡಿ. ಗ್ಯಾಲ್ವನೈಸ್ಡ್ ಪೈಪು ಹಾಕಬೇಡಿ, ಇನ್‌ಹಿಬಿಟರ್ ಸತುವಿನ ಜೊತೆ ಸೇರಿ ಹಾಳಾಗುತ್ತದೆ. ಜಾಕೆಟಿನ ಪದರ ತೆಗೆಯಲು ಹೈಡ್ರೋಕ್ಲೋರಿಕ್ ಆಸಿಡ್ ಅಂತೂ ಮುಟ್ಟಲೇಬೇಡಿ. ಅದರಿಂದ ಹುಟ್ಟುವ ಹೈಡ್ರೋಜನ್ ಸ್ಟೀಲಿನೊಳಗೆ ನುಸುಳಿ ಆ ಕಡೆಯ ಗ್ಲಾಸ್ ಅನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ.

ಕಂಪ್ರೆಸರ್_ಸರ್ವಿಸ್ ಬರೆದದ್ದು

ಕಂಪ್ರೆಸರ್ ಬಗ್ಗೆ ನಾನು ಹೇಳುತ್ತೇನೆ. ಏರ್ ಕಂಡಿಷನಿಂಗ್‌ಗೆ ಮಾಡಿದ ಸ್ಕ್ರಾಲ್ ಮೈನಸ್ 31 ಇವಾಪರೇಟಿಂಗ್‌ನಲ್ಲಿ ಓಡಿಸುವಂಥದ್ದಲ್ಲ. ಲೋ ಟೆಂಪರೇಚರ್ ಸ್ಕ್ರಾಲ್ ಬೇರೆಯೇ ಇದೆ, ಇಂಜೆಕ್ಷನ್ ಇರುವುದು, ಅದು ಮೈನಸ್ 40ರವರೆಗೂ ಹೋಗುತ್ತದೆ. ಕಂಪ್ರೆಸರಿನ ಪೂರ್ತಿ ಮಾಡೆಲ್ ನಂಬರ್ ಕೇಳಿ, ಅದರ ಆಪರೇಟಿಂಗ್ ಎನ್‌ವೆಲಪ್ (ಯಾವ ತಾಪಮಾನಗಳ ಒಳಗೆ ಓಡಿಸಬಹುದು ಎಂಬುದರ) ಚಿತ್ರ ಕೇಳಿ. ನಿಮ್ಮ ಬಿಂದು ಆ ಚಿತ್ರದ ಒಳಗೆ ಬೀಳಬೇಕು. ಅಂಚಿನ ಮೇಲೆ ಬಿದ್ದರೂ ಬೇಡ ಅನ್ನಿ.

ಕಂಡೆನ್ಸರ್, ಅಂದರೆ ಗ್ಯಾಸ್ ತನ್ನ ಶಾಖ ಹೊರಗೆ ಬಿಟ್ಟು ದ್ರವವಾಗುವ ಭಾಗ, ಕೂಡ ಅಷ್ಟೇ ಮುಖ್ಯ. ಆರ್-404ಎಯಲ್ಲಿ ಮೈನಸ್ 31ಕ್ಕೆ ಸುಮಾರು 2 ಬಾರ್. ವಾಟರ್ ಕೂಲ್ಡ್ ಆಗಿ ಕಂಡೆನ್ಸಿಂಗ್ 40 ಡಿಗ್ರಿ ಸಿಕ್ಕರೆ ಸುಮಾರು 18 ಬಾರ್, ಎರಡೂ ಒತ್ತಡಗಳ ಅನುಪಾತ 9. ಬೇಸಿಗೆಯ ಮಧ್ಯಾಹ್ನ ಏರ್ ಕೂಲ್ಡ್‌ನಲ್ಲಿ ಕಂಡೆನ್ಸಿಂಗ್ 50 ಮುಟ್ಟಿದರೆ 23 ಬಾರ್, ಅನುಪಾತ ಹನ್ನೆರಡರ ಹತ್ತಿರ. ಡಿಸ್ಚಾರ್ಜ್ ತಾಪಮಾನ ಏರಿ ಎಣ್ಣೆ ಸುಡುತ್ತದೆ. ನೀರಿದ್ದರೆ ವಾಟರ್ ಕೂಲ್ಡ್ ಮಾಡಿ, ಟವರ್ ನೀರಿನ ಗುಣ ನೋಡಿಕೊಳ್ಳಿ.

ಮೈನಸ್ 32ರ ಬ್ರೈನ್ ಬೇಕಾಗಿದ್ದಿದ್ದರೆ ಟೂ ಸ್ಟೇಜ್ ಅಥವಾ ಇಕನಾಮೈಸರ್ ಬೇಕೇ ಬೇಕು ಎನ್ನುತ್ತಿದ್ದೆ. ಮೈನಸ್ 50ಕ್ಕಿಂತ ಕೆಳಗೆ ಹೋಗುವವರಿಗೆ ಕ್ಯಾಸ್ಕೇಡ್ (ಒಂದು ಸರ್ಕ್ಯೂಟನ್ನು ಇನ್ನೊಂದು ಸರ್ಕ್ಯೂಟ್ ತಣಿಸುವ ವ್ಯವಸ್ಥೆ). ನಿಮ್ಮ ಮೈನಸ್ 25ಕ್ಕೆ ಲೋ ಟೆಂಪರೇಚರ್ ಸೆಮಿ ಹರ್ಮೆಟಿಕ್ ಎರಡು, ಬೇರೆ ಬೇರೆ ಸರ್ಕ್ಯೂಟ್. ಒಂದು ಕೆಟ್ಟರೂ ಇನ್ನೊಂದು ಬ್ಯಾಚ್ ಹಿಡಿದು ನಿಲ್ಲಿಸುತ್ತದೆ. ಸ್ಕ್ರೂ ಇಷ್ಟು ಚಿಕ್ಕ ಲೋಡಿಗೆ ಬೇಕಿಲ್ಲ.

ರೆಫ್ರಿಜರೆಂಟ್ ಬಗ್ಗೆಯೂ ಕೇಳಿ. ಆರ್-404ಎಯ ಜಾಗತಿಕ ತಾಪಮಾನ ಸೂಚ್ಯಂಕ (ಜಿಡಬ್ಲ್ಯೂಪಿ, ಕಾರ್ಬನ್ ಡೈಆಕ್ಸೈಡ್‌ಗೆ 1 ಎಂದು ಹಿಡಿದು) 3922. 2016ರ ಕಿಗಾಲಿ ತಿದ್ದುಪಡಿಯ ನಂತರ ಇಂಥ ಗ್ಯಾಸ್‌ಗಳನ್ನು ಎಲ್ಲ ಕಡೆ ಹಂತಹಂತವಾಗಿ ಕಡಿಮೆ ಮಾಡುತ್ತಿದ್ದಾರೆ. ನೀವು ತಗೊಳ್ಳುವ ಯಂತ್ರ ಬಹಳ ಕಾಲ ಓಡಬೇಕು. ಆರ್-448ಎ, ಆರ್-449ಎ ಸುಮಾರು 1400ರವು. ಅವುಗಳಲ್ಲಿ ಗ್ಲೈಡ್ ಇದೆ (ಕುದಿಯುತ್ತಾ ಹೋದಂತೆ ತಾಪಮಾನ ಸರಿಯುತ್ತದೆ), ಡಿಸ್ಚಾರ್ಜ್ ಸ್ವಲ್ಪ ಬಿಸಿ, ಹಾಗಾಗಿ ಆ ಗ್ಯಾಸಿಗೇ ಆರಿಸಿದ ಕಂಪ್ರೆಸರ್ ಮತ್ತು ಇವಾಪರೇಟರ್ ಇರಬೇಕು. ಅಮೋನಿಯ ದೊಡ್ಡ ಪ್ಲಾಂಟ್‌ಗಳಿಗೆ ಅತ್ಯುತ್ತಮ, ಸೂಚ್ಯಂಕ ಸೊನ್ನೆ. ಆದರೆ ಮೈನಸ್ 33ರ ಕೆಳಗೆ ಸಕ್ಷನ್ ವ್ಯಾಕ್ಯೂಮ್‌ಗೆ ಹೋಗಿ ಹೊರಗಿನ ಗಾಳಿ ಒಳಗೆ ಎಳೆಯುತ್ತದೆ, ತಾಮ್ರ ಬಳಸುವಂತಿಲ್ಲ, ಸೋರಿದರೆ ಅಪಾಯ. ಒಂದು ರಿಯಾಕ್ಟರಿಗಾಗಿ ಅಷ್ಟೆಲ್ಲ ಬೇಡ.

ಮರೆಯುವ ಮುನ್ನ: ರಜೆ ಮುಗಿಸಿ ಬಂದಾಗ ಟ್ಯಾಂಕಿನ ಬ್ರೈನ್ 25 ಡಿಗ್ರಿಯಲ್ಲಿ ಇರುತ್ತದೆ. ಲೋ ಟೆಂಪರೇಚರ್ ಕಂಪ್ರೆಸರಿನ ಮೋಟರ್ ಆ ಲೋಡ್ ತಡೆಯುವುದಿಲ್ಲ. ಎಂಒಪಿ (ಒತ್ತಡ ಒಂದು ಮಿತಿ ದಾಟದಂತೆ ತಡೆಯುವ ಗುಣ) ಇರುವ ಎಕ್ಸ್‌ಪಾನ್ಷನ್ ವಾಲ್ವ್ ಅಥವಾ ಕ್ರ್ಯಾಂಕ್‌ಕೇಸ್ ಪ್ರೆಶರ್ ರೆಗ್ಯುಲೇಟರ್ ಇದೆಯಾ ಎಂದು ಕೇಳಿ.

ಪೈಲಟ್_ಪ್ಲಾಂಟ್ ಬರೆದದ್ದು

ಎಲ್ಲರಿಗೂ ಧನ್ಯವಾದ. ಕೆಮಿಸ್ಟ್ ಕ್ಯಾಲೊರಿಮೀಟರ್ ದಾಖಲೆ ತೋರಿಸಿದರು. ಅಡಿಷನ್ ನಿಲ್ಲಿಸಿದ ಕೂಡಲೇ ಶಾಖ ಬೀಳುತ್ತದೆ, ಶೇಖರಣೆ ಇಲ್ಲ. 6 ಗಂಟೆಗೆ ಒಪ್ಪಿದ್ದಾರೆ, ಕ್ವಾಲಿಟಿಯಲ್ಲೂ ವ್ಯತ್ಯಾಸ ಇಲ್ಲವಂತೆ. ಮೂವರಿಗೂ ಮೈನಸ್ 25ರಲ್ಲಿ ಎಷ್ಟು ಎಂದು ಬರೆದು ಕೇಳಿದೆ. 20 ಟಿಆರ್‌ನವರು ಕಂಪ್ರೆಸರ್ ಎನ್‌ವೆಲಪ್ ಕಳಿಸಿದರು, ಅದು ಮೈನಸ್ 25 ಇವಾಪರೇಟಿಂಗ್‌ಗೇ ಮುಗಿಯುತ್ತದೆ. ನಮಗೆ ಬೇಕಾದ್ದು ಮೈನಸ್ 31. ಅವರನ್ನು ಬಿಟ್ಟೆವು. ಸೆಮಿ ಹರ್ಮೆಟಿಕ್‌ನವರು ಎರಡೂ ಕಂಪ್ರೆಸರ್ ಸೇರಿ ಮೈನಸ್ 25ರಲ್ಲಿ 26 ಕಿಲೋವ್ಯಾಟ್ ಎಂದು ಬರೆದುಕೊಟ್ಟಿದ್ದಾರೆ. ಇದನ್ನು ಹೇಗೆ ನಂಬುವುದು? ಮತ್ತೆ, ಕಂಟ್ರೋಲ್ ಸೆನ್ಸರ್ ಎಲ್ಲಿ ಇಡಬೇಕು, ಮಾಸ್‌ನಲ್ಲಾ, ಜಾಕೆಟಿನಲ್ಲಾ?

ಯುಟಿಲಿಟಿ_ಪಾಳಿ ಬರೆದದ್ದು

ಕೆಮಿಸ್ಟ್ ಒಪ್ಪಿದ್ದು ಕೇಳಿ ತುಂಬಾ ಖುಷಿಯಾಯಿತು.

ನಂಬುವುದು ಬೇಡ, ಅಳೆಯಿರಿ. ಪರ್ಚೇಸ್ ಆರ್ಡರಿನಲ್ಲೇ ಹೀಗೆ ಬರೆಸಿ: ಚಿಲ್ಲರಿನಿಂದ ಹೊರಬರುವ ಬ್ರೈನ್ ಮೈನಸ್ 25, ಅಳತೆ ಪ್ರಮಾಣದಲ್ಲಿ ಶೇಕಡ 50 ಎಥಿಲೀನ್ ಗ್ಲೈಕಾಲ್, ಕಂಡೆನ್ಸರ್ ನೀರು ನಿಮ್ಮಲ್ಲಿ ಅತಿ ಬಿಸಿಯಾಗುವ ದಿನದ ತಾಪಮಾನ, ಈ ಸ್ಥಿತಿಯಲ್ಲಿ 25 ಕಿಲೋವ್ಯಾಟ್. ತಯಾರಕರ ಅಂಗಳದಲ್ಲೇ ಟ್ಯಾಂಕಿಗೆ ಎಲೆಕ್ಟ್ರಿಕ್ ಹೀಟರ್ ಹಾಕಿ ಲೋಡ್ ಕೊಟ್ಟು ತೋರಿಸಲಿ. ಹೀಟರಿನ ಕಿಲೋವ್ಯಾಟ್ ಮೀಟರಿನಲ್ಲಿ ಕಾಣುತ್ತದೆ, ಅದಕ್ಕೆ ಪಂಪಿನ ಶಾಖ ಸೇರಿಸಿ. ಬ್ರೈನ್ ಮೈನಸ್ 25ರಲ್ಲಿ ಕೆಲವು ಗಂಟೆ ಅಲುಗದೆ ನಿಂತರೆ ಆ ಲೋಡೇ ಅದರ ನಿಜವಾದ ಶಕ್ತಿ. ಫ್ಲೋ ಮೀಟರನ್ನು ನೆಚ್ಚಿಕೊಂಡು ಲೆಕ್ಕ ಹಾಕುವುದಕ್ಕಿಂತ ಇದು ಗಟ್ಟಿ, ಯಾಕೆಂದರೆ 3, 4 ಡಿಗ್ರಿ ವ್ಯತ್ಯಾಸದಲ್ಲಿ ಸೆನ್ಸರ್ ಅರ್ಧ ಡಿಗ್ರಿ ತಪ್ಪಿದರೂ ಉತ್ತರ ಬಹಳ ಆಚೀಚೆ ಆಗುತ್ತದೆ. ಪರೀಕ್ಷೆಗೆ ನೀವೇ ಹೋಗಿ. ಫ್ಲೋ ಸ್ವಿಚ್ ಬಿಚ್ಚಿಸಿ ಟ್ರಿಪ್ ಆಗುತ್ತದಾ ನೋಡಿ, ಆಂಟಿ ಫ್ರೀಜ್ ಟ್ರಿಪ್ ನೋಡಿ, ಲೋಡ್ ಕಾಲು ಭಾಗಕ್ಕೆ ಇಳಿಸಿ ಕಂಪ್ರೆಸರ್ ಹೇಗೆ ನಡೆದುಕೊಳ್ಳುತ್ತದೆ ನೋಡಿ.

ಚಿಲ್ಲರನ್ನು ದ್ರಾವಕದ ಆವಿ ಬರುವ ಜಾಗದಿಂದ ಹೊರಗೆ ಇಡಿ. ಒಳಗೆ ಇಡಬೇಕಾದರೆ ಎಲ್ಲ ಎಲೆಕ್ಟ್ರಿಕಲ್ಲೂ ಫ್ಲೇಮ್‌ಪ್ರೂಫ್ ಆಗಬೇಕು, ಅದು ದೊಡ್ಡ ತಲೆನೋವು. ಪೈಪಿನ ಇನ್ಸುಲೇಶನ್‌ನಲ್ಲಿ ದಪ್ಪಕ್ಕಿಂತ ವೇಪರ್ ಬ್ಯಾರಿಯರ್ ಮುಖ್ಯ. ಒಂದು ಸೀಳು ಸಾಕು, ಗಾಳಿಯ ತೇವ ಒಳಗೆ ಹೋಗಿ ಮಂಜಾಗುತ್ತದೆ, ಆಮೇಲೆ ಆ ಇನ್ಸುಲೇಶನ್ ಇದ್ದೂ ಇಲ್ಲದಂತೆ. ವಾಲ್ವ್, ಫ್ಲೇಂಜ್, ಪಂಪಿನ ಬಾಡಿ ಇವನ್ನು ಬಿಟ್ಟುಬಿಡುವುದು ಮಾಮೂಲು, ನೀವು ಬಿಡಬೇಡಿ.

ಸೆನ್ಸರ್ ಎರಡೂ ಕಡೆ ಬೇಕು. ಮಾಸ್‌ನ ಸೆನ್ಸರ್ ಯಜಮಾನ. ಅದು ಜಾಕೆಟಿಗೆ ಎಷ್ಟು ತಣ್ಣನೆಯ ಬ್ರೈನ್ ಬೇಕು ಎಂದು ಹೇಳುತ್ತದೆ. ಜಾಕೆಟ್ ಇನ್‌ಲೆಟ್ಟಿನ ಸೆನ್ಸರ್ ಕಂಟ್ರೋಲ್ ವಾಲ್ವನ್ನು ಅದರಂತೆ ತಿರುಗಿಸುತ್ತದೆ. ಮಾಸ್ ಒಂದನ್ನೇ ನೋಡಿ ವಾಲ್ವ್ ತಿರುಗಿಸಿದರೆ ತಡವಾಗುತ್ತದೆ, ತಾಪಮಾನ ಮೇಲೆ ಕೆಳಗೆ ತೂಗಾಡುತ್ತದೆ. ಜಾಕೆಟಿಗೆ ಕನಿಷ್ಠ ಮಿತಿ ಮೈನಸ್ 26 ಎಂದು ಹಾಕಿಡಿ, ನೇಮ್‌ಪ್ಲೇಟಿನ ಮೈನಸ್ 29 ಯಾವತ್ತೂ ಮುಟ್ಟದ ಹಾಗೆ. ಮತ್ತೆ ಚಿಲ್ಲರ್ ತನ್ನ ಪಾಡಿಗೆ ಟ್ಯಾಂಕಿನ ಬ್ರೈನ್ ನೋಡಿಕೊಂಡು ಓಡಲಿ, ರಿಯಾಕ್ಟರಿನ ಸಿಗ್ನಲ್‌ಗೆ ಅದನ್ನು ಕಟ್ಟಬೇಡಿ.

ಮೊದಲ ಬ್ಯಾಚ್‌ಗೆ ಮುಂಚೆ ಬರೀ ದ್ರಾವಕ ಹಾಕಿ ಒಂದು ಸಲ 25ರಿಂದ ಮೈನಸ್ 15ಕ್ಕೆ ಇಳಿಸಿ, ಲಾಗ್ ತೆಗೆಯಿರಿ. ಆ ಲಾಗಿನಿಂದ ಯು ವ್ಯಾಲ್ಯೂ ಮತ್ತೆ ಲೆಕ್ಕ ಹಾಕಿ ಇಲ್ಲಿ ಹಾಕಿ. 150ಕ್ಕಿಂತ ಕಡಿಮೆ ಬಂದರೆ ಅಡಿಷನ್ 7 ಗಂಟೆ ಮಾಡಬೇಕಾಗಬಹುದು, ಅಥವಾ ಜಾಕೆಟಿಗೆ ಅಜಿಟೇಟಿಂಗ್ ನಾಝಲ್ ಹಾಕಿ ಬ್ರೈನ್‌ನ ಸುಳಿ ಹೆಚ್ಚಿಸಬೇಕಾಗಬಹುದು. ಆಗ ಸಂಖ್ಯೆ ನೋಡಿ ಹೇಳುತ್ತೇನೆ.